ಅಮ್ಮ ಬಿದ್ದು ಮೂರು ತಿಂಗಳಾಯ್ತು, ಈಗ್ಲೂ ಹೆಜ್ಜೆ ಇಡೋಕೆ ಹೆದರ್ತಾರೆ, ಏನ್ಮಾಡ್ಲಿ?

ದಾವಣಗೆರೆ ಮಗಳು:
ಅಮ್ಮಂಗೆ 74. ನರಕ ಚತುರ್ದಶಿ ದಿನ ಬೆಳಗಿನ ಜಾವ ಎಣ್ಣೆ ಸ್ನಾನ ಮುಗಿಸಿ ಬಚ್ಚಲಿಂದ ಆಚೆ ಬರೋವಾಗ ಹೊಸ್ತಿಲ ಹತ್ರ ಬಿದ್ದು ಸೊಂಟದ ಮೂಳೆ ಮುರೀತು, ಮಾರನೇ ದಿನವೇ ಆಪರೇಷನ್ ಆಯ್ತು, ಮೂಳೆ ಕೂಡಿದೆ ನಡೆಸಿ ಅಂತಾರೆ ಡಾಕ್ಟ್ರು. ಆದ್ರೆ ಅಮ್ಮ ಒಂದು ಕೈಲಿ ವಾಕರ್, ಇನ್ನೊಂದು ಕೈಲಿ ನನ್ನ ವೇಲು ಹಿಡ್ಕೊಂಡು ಎರಡು ಹೆಜ್ಜೆಗೆ ನಡುಗಿ ಕೂತ್ಬಿಡ್ತಾರೆ. ಬಾತ್ರೂಮಿಗೆ ಹೋಗ್ಬೇಕಾಗುತ್ತೆ ಅಂತ ನೀರೇ ಕುಡಿಯಲ್ಲ. ಅಣ್ಣ ನೋಡಿದ್ರೆ "ಮತ್ತೆ ಬಿದ್ರೆ ಕಷ್ಟ, ಮಲಗಿರ್ಲಿ ಬಿಡು" ಅಂತಾನೆ.

ಹುಬ್ಬಳ್ಳಿ ಫಿಸಿಯೋ:
ಅಣ್ಣಾರಿಗೆ ಹೇಳ್ರಿ ಅಕ್ಕಾರ, ಮಲಗಿಸಿದ್ರನ ಮತ್ತ ಬೀಳೋದು ಜಾಸ್ತಿ. ಅಂಜಿಕಿಗೆ ನಡಿಯೋದು ಬಿಡ್ತಾರ, ನಡೀದಿದ್ರ ತೊಡಿ ಶಕ್ತಿ ಹೋಗ್ತದ, ಶಕ್ತಿ ಹೋದಮ್ಯಾಲೆ ಖರೇನ ಬೀಳ್ತಾರ. ಮೊದಲ ಗ್ವಾಡಿಗೆ ಹಚ್ಚಿ ಕೈ ಇರೋ ಗಟ್ಟಿ ಕುರ್ಚಿ ಹಾಕ್ರಿ, ಕೂತು ಏಳೋದು 5 ಸಲ, ದಿನಾ ಮೂರು ಹೊತ್ತು, ಅಷ್ಟ ಸಾಕು. ವೇಲು ಹಿಡಿಯೋದು ಬಿಡಿಸ್ರಿ, ವಾಕರಿಗೆ ಎರಡೂ ಕೈ ಬೇಕು. ನೀವು ಮುಂದ ನಿಂತು ಎಳೀಬ್ಯಾಡ್ರಿ, ಬಾಜೂಕ ಸ್ವಲ್ಪ ಹಿಂದ ನಿಂತು ಬೆನ್ನಿಗೆ ಕೈ ಆಸರ ಕೊಡ್ರಿ.

ಮೈಸೂರಿನವನು:
ಮಾತ್ರೆ ಚೀಟಿ ಒಂದ್ಸಲ ತೋರ್ಸಿ ಮೇಡಂ. ನಮ್ಮಪ್ಪ ವರ್ಷದಲ್ಲಿ ಮೂರು ಸಲ ಬಿದ್ರು, ಮೂರೂ ಸಲ ರಾತ್ರಿ ಮೂತ್ರಕ್ಕೆ ಎದ್ದಾಗಲೇ, ನಾವು ಟೈಲ್ಸ್ ಬೈಕೊಂಡು ಕೂತಿದ್ವಿ. ಕೊನೆಗೆ ಒಬ್ರು ಡಾಕ್ಟ್ರು ಮಲಗಿಸಿ ಬಿಪಿ ನೋಡಿ, ನಿಲ್ಲಿಸಿ ಮತ್ತೆ ನೋಡಿದ್ರು, ಮೇಲಿನ ನಂಬರ್ 140 ಇದ್ದಿದ್ದು 112ಕ್ಕೆ ಇಳೀತು. 20 ಇಳಿದ್ರೇ ಲೆಕ್ಕಕ್ಕೆ ತಗೋಬೇಕಂತೆ. ಪ್ರಾಸ್ಟೇಟ್ ಮಾತ್ರೆ, ಬಿಪಿ ಮಾತ್ರೆ, ನಿದ್ದೆ ಮಾತ್ರೆ ಮೂರೂ ರಾತ್ರಿನೇ ನುಂಗ್ತಿದ್ರು. ನೀವಾಗೇ ಏನೂ ನಿಲ್ಲಿಸ್ಬೇಡಿ, ಕೇಳಿ ಬದಲಾಯಿಸಿ.

ಮಲ್ನಾಡ್ ಸೊಸೆ:
ವಯಸ್ಸಾದ್ಮೇಲೆ ಬೀಳೋದು ಇದ್ದಿದ್ದೇ ಅಂತ ಸುಮ್ನಾಗ್ತೀವಲ್ಲ, ಅದು ನೋಡಿದ್ರೆ ಹೊಟ್ಟೆ ಉರಿಯುತ್ತೆ. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದೇ ಸಾಯ್ತಾರೆ, ಅದ್ರಲ್ಲಿ ಜಾಸ್ತಿ 60 ದಾಟಿದೋರೇ. ನಮ್ಮತ್ತೆ ಜಾರಿದಾಗ ಟವೆಲ್ ರಾಡ್ ಹಿಡ್ಕೊಂಡ್ರು, ಸ್ಕ್ರೂ ಸಮೇತ ಕಿತ್ತು ಕೈಗೇ ಬಂತು. ಗೋಡೆಗೆ ಡ್ರಿಲ್ ಮಾಡಿ ಸ್ಟೀಲ್ ಹಿಡಿ ಹಾಕ್ಸಿ, ಸ್ನಾನಕ್ಕೆ ಪ್ಲಾಸ್ಟಿಕ್ ಕುರ್ಚಿ ಬೇಡ, ರಬ್ಬರ್ ಕಾಲಿನ ಸ್ಟೂಲ್ ತನ್ನಿ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು ತಲೆ ಹೊಡ್ಕೊಂಡ್ರೆ ಮಾತಾಡ್ತಿದ್ರೂ ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ದಾವಣಗೆರೆ ಮಗಳು:
ಎಲ್ರಿಗೂ ಥ್ಯಾಂಕ್ಸ್. ಈಗಷ್ಟೇ ಚೀಟಿ ತೆಗೆದು ನೋಡ್ದೆ, ನಿದ್ದೆ ಮಾತ್ರೆ ಬೀಳೋಕೆ ಮುಂಚಿಂದ್ಲೂ ಇದೆ, ನಾವ್ಯಾರೂ ಗಮನಿಸೇ ಇಲ್ಲ. ಸೋಮವಾರ ಡಬ್ಬಿ ಸಮೇತ ಡಾಕ್ಟ್ರ ಹತ್ರ ಹೋಗ್ತೀನಿ. ಕುರ್ಚಿ ಗೋಡೆಗೆ ಹಾಕಾಯ್ತು, ಅಮ್ಮ ಎರಡು ಸಲ ಎದ್ರು.