ಸಹಾಯ ಬೇಕು: ಮನೆಯಲ್ಲಿ ಹೊಲಿದ ಲಂಗೋಟಿ ಕವರ್ ತೊಡೆ ಹತ್ತಿರ ಸೋರುತ್ತಿದೆ

ಅಕ್ಕಂದಿರೇ, ನಾವು ವಿಜಯಪುರದವರು. ಮಗಳಿಗೆ ಈಗ 5 ತಿಂಗಳು. ನಮ್ಮತ್ತೆ ಕೌದಿ ಹೊಲಿಯಲು ಎತ್ತಿಟ್ಟಿದ್ದ ಹಳೆ ಕಾಟನ್ ಸೀರೆ ಕೇಳಿ ತಗೊಂಡು (ಸುಲಭಕ್ಕೆ ಕೊಡಲಿಲ್ಲ ಬಿಡಿ) 6 ಪದರದ ಪ್ಯಾಡ್ ಮಾಡಿದೆ. ಅದು ಚೆನ್ನಾಗಿ ಹೀರುತ್ತದೆ, ನಮ್ಮೂರ ಬಿಸಿಲಿಗೆ ಬೇಗ ಒಣಗುತ್ತದೆ ಕೂಡ.

ತೊಂದರೆ ಇರುವುದು ಹೊರಗಿನ ಕವರ್‌ನಲ್ಲಿ. ಪಿಯುಎಲ್ ಬಟ್ಟೆ (ನೀರು ಸೋರದಂತೆ ಒಂದು ಬದಿಗೆ ಪ್ಲಾಸ್ಟಿಕ್‌ನಂಥ ಲೇಪ ಇರುವುದು) ತರಿಸಿ, ಹೊಳೆಯುವ ಬದಿ ಒಳಗೆ ಬರುವಂತೆ ಹೊಲಿದೆ. ಆದರೂ ತೊಡೆ ಹತ್ತಿರ ಒದ್ದೆ. ಎಲಾಸ್ಟಿಕ್ ಬಿಗಿ ಮಾಡಿದೆ, ಮಗುವಿನ ತೊಡೆ ಮೇಲೆ ಕೆಂಪು ಗೆರೆ ಬಿತ್ತು. ಪಾಪ ಅನಿಸಿ ಸಡಿಲ ಮಾಡಿದೆ, ಮತ್ತೆ ಸೋರಿತು. ಪ್ಯಾಡ್ ಹೊರಗೆ ಇಣುಕುತ್ತಿಲ್ಲ, ನೋಡಿದ್ದೇನೆ.

ಒಂದು ಅನುಮಾನ. ಹೊಲಿಗೆ ಸೊಟ್ಟ ಆಯ್ತು ಅಂತ ಬಿಚ್ಚಿ, ಅದೇ ಜಾಗದಲ್ಲಿ ಇನ್ನೊಮ್ಮೆ ಹೊಲಿದಿದ್ದೆ. ಸೂಜಿ ಬೇರೆ ದಪ್ಪ, 16ನೇ ನಂಬರ್. ಆ ಸೂಜಿ ತೂತುಗಳಿಂದಲೇ ಸೋರುತ್ತಿದೆಯೇನೋ. ಬಿಸಿ ತಾಗಿಸಿದರೆ ತೂತು ಮುಚ್ಚುತ್ತದೆ, ಡ್ರೈಯರ್‌ಗೆ ಹಾಕು ಅಂತಾರೆ. ನಮ್ಮನೆಗೆ ಡ್ರೈಯರ್ ಎಲ್ಲಿಂದ ಬರಬೇಕು!

ಮನೆಯಲ್ಲೇ ಹೊಲಿದವರು ಹೇಳಿ: ಸೋರುತ್ತಿರುವುದು ತೂತಿನಿಂದಲೋ, ಎಲಾಸ್ಟಿಕ್ ಅಳತೆಯಿಂದಲೋ ಅಂತ ಪತ್ತೆ ಹಚ್ಚುವುದು ಹೇಗೆ? ತೂತೇ ಆಗಿದ್ದರೆ ಈ ಕವರ್ ಉಳಿಸಬಹುದಾ, ಇಲ್ಲ 11ನೇ ನಂಬರ್ ಸೂಜಿಯಲ್ಲಿ ಹೊಸದೇ ಹೊಲಿಯಬೇಕಾ?