ಎಚ್61 ಬೋರ್ಡ್, ವಿಂಡೋಸ್ 10: ಚಿಪ್‌ಸೆಟ್ ಜಿಪ್‌ನಾಗ ಸೆಟಪ್ ಇಲ್ಲ, ಬರೀ ಐಎನ್‌ಎಫ್ ಫೈಲ್. ಹಾಕೋದು ಹೆಂಗ?

ಗಂಗಾವತಿ_ಆನ್‌ಲೈನ್

ಎಲ್ಲರಿಗೂ ನಮಸ್ಕಾರ. ಆನ್‌ಲೈನ್ ಸೆಂಟರಿನ ಸಿಸ್ಟಮ್ ಇದು. ಎಚ್61 ಬೋರ್ಡ್, 3ನೇ ಜನರೇಷನ್ ಐ3, 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ. ವಿಂಡೋಸ್ 10, 64 ಬಿಟ್ ಹೊಸದಾಗಿ ಹಾಕಿದ್ದು. ಡಿವೈಸ್ ಮ್ಯಾನೇಜರ್‌ನಾಗ ಮೂರಕ್ಕೆ ಹಳದಿ ಗುರುತು ಐತಿ: ಎಸ್‌ಎಂ ಬಸ್ ಕಂಟ್ರೋಲರ್, ಪಿಸಿಐ ಸಿಂಪಲ್ ಕಮ್ಯುನಿಕೇಷನ್ಸ್ ಕಂಟ್ರೋಲರ್, ಮತ್ತ ಒಂದು ಅನ್‌ನೋನ್ ಡಿವೈಸ್. ಮೂರರಾಗೂ ಕೋಡ್ 28, ಅಂದ್ರ ಡ್ರೈವರ್ ಇಲ್ಲ.

ಬೋರ್ಡ್ ಮ್ಯಾಲೆ ಕಂಪನಿ ಹೆಸರಿಲ್ಲ. ಸಿಸ್ಟಮ್ ಇನ್ಫರ್ಮೇಷನ್‌ನಾಗ ನೋಡಿದ್ರ ‘ಟು ಬಿ ಫಿಲ್ಡ್ ಬೈ ಓಇಎಂ’ ಅಂತ ಬರ್ತೈತಿ. ಚಿಪ್‌ಸೆಟ್‌ನ (ಬೋರ್ಡಿನ ಭಾಗಗಳನ್ನ ಜೋಡಿಸೋ ಚಿಪ್) ಒಂದು ಜಿಪ್ ಸಿಕ್ಕೈತಿ, ಅದರಾಗ ಸೆಟಪ್ ಇಲ್ಲ. ಐಎನ್‌ಎಫ್, ಕ್ಯಾಟ್ ಅಂತ ಸಣ್ಣ ಸಣ್ಣ ಫೈಲ್ ಅದಾವು. ಐಎನ್‌ಎಫ್ ಮ್ಯಾಲೆ ರೈಟ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಕೊಟ್ರ ‘ಈ ವಿಧಾನಕ್ಕೆ ಬೆಂಬಲ ಇಲ್ಲ’ ಅಂತೈತಿ. ಫೈಲ್ ಒಳಗ ತಾರೀಖು ನೋಡಿದ್ರ 1968! ಇದು ಅಸಲಿನಾ? ಹಾಕಲೇಬೇಕಾ? ಹೆಂಗ ಹಾಕೋದು?

ರಾಯಚೂರು_ಬೆಂಚ್

1968 ಅಂತ ಇದ್ರ ಹೆದರಬ್ಯಾಡ್ರಿ. ಇಂಟೆಲ್ ಕಂಪನಿ ಹುಟ್ಟಿದ್ದು 1968ರ ಜುಲೈ 18ಕ್ಕ. ಅವರು ತಮ್ಮ ಚಿಪ್‌ಸೆಟ್ ಐಎನ್‌ಎಫ್‌ಗಳಿಗೆ ಬೇಕಂತಲೇ ಅದೇ ತಾರೀಖು ಹಾಕ್ಯಾರ. ಒಂದೇ ಡಿವೈಸ್‌ಗೆ ಎರಡು ಡ್ರೈವರ್ ಸರಿಸಮ ಹೊಂದಿದ್ರ, ವಿಂಡೋಸ್ ಹೊಸ ತಾರೀಖಿನದ್ದು ಆರಿಸ್ತದ. ತಮ್ಮ ಫೈಲ್ ಬ್ಯಾರೆ ಅಸಲಿ ಡ್ರೈವರ್‌ನ ಹಿಂದಕ್ಕ ತಳ್ಳಬಾರದು ಅಂತ ಹಿಂಗ ಮಾಡಿದ್ದು. ಹಂಗಾಗೇ ಚಿಪ್‌ಸೆಟ್ ಹಾಕಿದ ಮ್ಯಾಲೂ ಕೆಲವು ಕಡೆ ಮೈಕ್ರೋಸಾಫ್ಟ್, 21-06-2006 ಅಂತಲೇ ಉಳೀತದ. ಹಾಕಿದ್ದು ಹತ್ತಿಲ್ಲ ಅಂತ ತಿಳ್ಕೊಂಡು ಮೂರು ಮೂರು ಸಲ ಹಾಕ್ತಾರ ಮಂದಿ. ಅದರ ಅಗತ್ಯ ಇಲ್ಲ.

ಐಎನ್‌ಎಫ್ ಅಂದ್ರ ಡ್ರೈವರ್ ಅಲ್ಲ, ಚೀಟಿ. ನೋಟ್‌ಪ್ಯಾಡ್‌ನಾಗ ತೆರೆದು ನೋಡ್ರಿ: ಮ್ಯಾಲೆ ವರ್ಷನ್, ಅದರ ಕೆಳಗ ಕ್ಲಾಸ್ ಸಿಸ್ಟಮ್, ಆಮ್ಯಾಲೆ ವೆನ್ (ಕಂಪನಿ ನಂಬರ್) 8086, ಡೆವ್ (ಡಿವೈಸ್ ನಂಬರ್) 1ಸಿ22 ಅಂತ ಸಾಲು ಸಾಲು. 8086 ಅಂದ್ರ ಇಂಟೆಲ್, 1ಸಿ22 ಅಂದ್ರ 6 ಸೀರೀಸ್ ಚಿಪ್‌ಸೆಟ್ಟಿನ ಎಸ್‌ಎಂ ಬಸ್. ‘ಈ ನಂಬರ್ ಸಿಕ್ರ ಈ ಹೆಸರು ಬರಿ, ಡ್ರೈವರ್ ಏನೂ ಬ್ಯಾಡ’ ಅನ್ನೋದಷ್ಟೇ ಆ ಚೀಟಿ ಹೇಳೋದು. ಡ್ರೈವರ್ ಕೆಲಸ ಮಾಡೋ ಎಸ್‌ವೈಎಸ್ ಫೈಲ್ ಇಂಟೆಲ್ ಚಿಪ್‌ಸೆಟ್ ಪ್ಯಾಕೇಜಿನಾಗ ಹೆಚ್ಚೂಕಡಿಮಿ ಇರೋದೇ ಇಲ್ಲ. ಹಂಗಾಗಿ ಇದನ್ನ ಹಾಕಿದ್ರ ಸಿಸ್ಟಮ್ ಫಾಸ್ಟ್ ಆಗ್ತದ ಅಂತ ಯಾರರ ಹೇಳಿದ್ರ ನಂಬಬ್ಯಾಡ್ರಿ. ಹಳದಿ ಗುರುತು ಹೋಗ್ತದ, ಅಷ್ಟೇ.

ರೈಟ್ ಕ್ಲಿಕ್ ಯಾಕ ಹತ್ತಲಿಲ್ಲ ಅಂದ್ರ: ಐಎನ್‌ಎಫ್ ಒಳಗ ಡೀಫಾಲ್ಟ್‌ಇನ್‌ಸ್ಟಾಲ್ ಅನ್ನೋ ಭಾಗ ಇದ್ರ ಮಾತ್ರ ಆ ದಾರಿ ನಡೀತದ. ಇವುಗಳಾಗ ಅದು ಇಲ್ಲ.

ಹಾಕೋದು ಹಿಂಗ:

ಮೊದಲು ಜಿಪ್‌ನ ಎಕ್ಸ್‌ಟ್ರ್ಯಾಕ್ಟ್ ಆಲ್ ಮಾಡಿ ಸಿ ಡ್ರೈವ್‌ನಾಗ ಡಿಆರ್‌ವಿ ಅಂತ ಫೋಲ್ಡರ್‌ಗೆ ಬಿಚ್ಚ್ರಿ. ಜಿಪ್ ಒಳಗಿಂದಲೇ ಓಡಿಸಬ್ಯಾಡ್ರಿ. ಡಿವೈಸ್ ಮ್ಯಾನೇಜರ್‌ನಾಗ ಎಸ್‌ಎಂ ಬಸ್ ಮ್ಯಾಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಡೀಟೇಲ್ಸ್, ಹಾರ್ಡ್‌ವೇರ್ ಐಡೀಸ್. ಅಲ್ಲಿ 8086 ಮತ್ತ 1ಸಿ22 ಅದನಾ ನೋಡ್ಕೊಳ್ರಿ. ಇದ್ರ, ಅಪ್‌ಡೇಟ್ ಡ್ರೈವರ್, ಬ್ರೌಸ್ ಮೈ ಕಂಪ್ಯೂಟರ್, ಡಿಆರ್‌ವಿ ಫೋಲ್ಡರ್ ತೋರಿಸಿ ‘ಇನ್‌ಕ್ಲೂಡ್ ಸಬ್‌ಫೋಲ್ಡರ್ಸ್’ ಟಿಕ್ ಇಟ್ಟು ನೆಕ್ಸ್ಟ್ ಒತ್ತ್ರಿ.

ಎಲ್ಲಾ ಒಮ್ಮೆಗೇ ಬೇಕಂದ್ರ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆಗೀರಿ. ಪಿಎನ್‌ಪಿಯುಟಿಲ್ (pnputil) ಅಂತ ಹೊಡದು, ಸ್ಲ್ಯಾಶ್ ಆಡ್-ಡ್ರೈವರ್, ಆಮ್ಯಾಲೆ ಫೋಲ್ಡರ್ ದಾರಿ (ಕೊನೀಗೆ ನಕ್ಷತ್ರ, ಚುಕ್ಕಿ, ಐಎನ್‌ಎಫ್), ಸ್ಲ್ಯಾಶ್ ಸಬ್‌ಡರ್ಸ್ (subdirs), ಸ್ಲ್ಯಾಶ್ ಇನ್‌ಸ್ಟಾಲ್. ನಡುನಡುವ ಒಂದೊಂದು ಸ್ಪೇಸ್.

ಪೆನ್‌ಡ್ರೈವ್‌ಗೆ ಕಾಪಿ ಮಾಡುವಾಗ ಬರೀ ಐಎನ್‌ಎಫ್ ಎತ್ಕೊಂಡು ಹೋಗಬ್ಯಾಡ್ರಿ, ಫೋಲ್ಡರ್ ಪೂರಾ ತಗೊಳ್ರಿ. ಕ್ಯಾಟ್ ಅಂದ್ರ ಕ್ಯಾಟಲಾಗ್. ಡಿಜಿಟಲ್ ಸಹಿ ಇರೋದು ಅದರೊಳಗ. ಅದು ಬಿಟ್ಟುಹೋದ್ರ ‘ಡಿಜಿಟಲ್ ಸಹಿಯ ಮಾಹಿತಿ ಇಲ್ಲ’ ಅಂತ ವಿಂಡೋಸ್ ನಿಲ್ಲಿಸ್ತದ. ಸೀಲಿಲ್ಲದ ಪಹಣಿ ಯಾರು ತಗೋತಾರ, ಹಂಗ. ಐಎನ್‌ಎಫ್ ಒಳಗ ಒಂದಕ್ಷರ ತಿದ್ದಿದ್ರೂ ಸಹಿ ಕೆಡ್ತದ.

ಸಿರುಗುಪ್ಪ_ಸಿಸ್ಟಮ್ಸ್

ಇಷ್ಟೆಲ್ಲಾ ಯಾಕ್ರೀ? ಒಂದು ಡ್ರೈವರ್ ಅಪ್‌ಡೇಟರ್ ಸಾಫ್ಟ್‌ವೇರ್ ಹಾಕಿಬಿಟ್ರ ಎಲ್ಲಾ ತಾನೇ ಹುಡುಕಿಕೊಂಡು ಹಾಕ್ತೈತಿ.

ಬಳ್ಳಾರಿ_ಸರ್ವೀಸ್

ಸಿರುಗುಪ್ಪದವರೇ, ಬೇಡ. ಅಂಥ ಸಾಫ್ಟ್‌ವೇರ್‌ಗಳು ವರ್ಷನ್ ನಂಬರ್ ದೊಡ್ಡದಿದ್ದರೆ ಸಾಕು, ‘ನಿಮ್ಮದು ಹಳೆಯದು’ ಅಂತ ಕೆಂಪು ಬಣ್ಣದಲ್ಲಿ ತೋರಿಸುತ್ತವೆ. ಸರಿಯಾಗಿ ನಡೆಯುತ್ತಿದ್ದ ಸೌಂಡ್, ಲ್ಯಾನ್ ಡ್ರೈವರನ್ನೂ ಬದಲಾಯಿಸಿ ಕೂರುತ್ತವೆ. ಜೊತೆಗೆ ಕೇಳದ ಎರಡು ಸಾಫ್ಟ್‌ವೇರ್ ಬೇರೆ. ಗ್ರಾಹಕರ ಆಧಾರ್, ಬ್ಯಾಂಕ್ ವಿವರ ಹೊಡೆಯುವ ಸಿಸ್ಟಮ್‌ಗೆ ಅದನ್ನು ಹಾಕಲೇಬಾರದು.

ಗಂಗಾವತಿಯವರಿಗೆ: ಮೊದಲು ಸೆಟ್ಟಿಂಗ್ಸ್, ಅಪ್‌ಡೇಟ್ ಆ್ಯಂಡ್ ಸೆಕ್ಯುರಿಟಿ, ವಿಂಡೋಸ್ ಅಪ್‌ಡೇಟ್, ‘ವ್ಯೂ ಆಪ್ಷನಲ್ ಅಪ್‌ಡೇಟ್ಸ್’, ಅದರೊಳಗೆ ಡ್ರೈವರ್ ಅಪ್‌ಡೇಟ್ಸ್ ನೋಡಿ. ಹೆಸರಿಲ್ಲದ ಬೋರ್ಡ್‌ಗೆ ಇದೇ ಸಲೀಸು. ಲ್ಯಾನ್ ಡ್ರೈವರೇ ಇಲ್ಲ, ನೆಟ್ ಬರುತ್ತಿಲ್ಲ ಅಂದರೆ ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಚುಚ್ಚಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಅದಕ್ಕೆ ಬೇಕಾದ ಡ್ರೈವರ್ ವಿಂಡೋಸ್ ಒಳಗೇ ಇದೆ.

ಅಲ್ಲೂ ಸಿಗದಿದ್ದರೆ ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್‌ನಲ್ಲಿ ಹಾರ್ಡ್‌ವೇರ್ ಐಡಿಯ ವೆನ್, ಡೆವ್ ಭಾಗವನ್ನಷ್ಟೇ ಹಾಕಿ ಹುಡುಕಿ. ಸಬ್‌ಸಿಸ್, ರೆವ್ ಬಾಲ ಕತ್ತರಿಸಿ, ಇಲ್ಲದಿದ್ದರೆ ಒಂದೂ ಫಲಿತಾಂಶ ಬರದೇ ಹೋಗಬಹುದು. ಬರುವುದು ಕ್ಯಾಬ್ ಫೈಲ್. ಡಬಲ್ ಕ್ಲಿಕ್ ಮಾಡಿ ಒಳಗಿನ ಫೈಲ್‌ಗಳನ್ನೆಲ್ಲ ಸೆಲೆಕ್ಟ್ ಮಾಡಿ ಒಂದು ಫೋಲ್ಡರ್‌ಗೆ ಎಕ್ಸ್‌ಟ್ರ್ಯಾಕ್ಟ್ ಮಾಡಿ, ಆಮೇಲೆ ರಾಯಚೂರಿನವರು ಹೇಳಿದ ದಾರಿ.

ಇನ್ನೊಂದು ಮಾತು. ಪಿಸಿಐ ಸಿಂಪಲ್ ಕಮ್ಯುನಿಕೇಷನ್ಸ್ ಕಂಟ್ರೋಲರ್ ಇಂಥ ಚಿಪ್‌ಸೆಟ್ ಐಎನ್‌ಎಫ್‌ನಿಂದ ಹೋಗುವುದಿಲ್ಲ. ಅದು ಮ್ಯಾನೇಜ್‌ಮೆಂಟ್ ಎಂಜಿನ್ ಇಂಟರ್ಫೇಸ್. 6 ಸೀರೀಸ್‌ನಲ್ಲಿ ಡೆವ್ 1ಸಿ3ಎ. ಇದಕ್ಕೆ ಬೇರೆ ಪ್ಯಾಕೇಜ್, ಅದರಲ್ಲಿ ಅಸಲಿ ಎಸ್‌ವೈಎಸ್ ಇರುತ್ತದೆ. ಪೂರ್ತಿ ಸೂಟ್ ಬೇಡ, ಡ್ರೈವರ್ ಮಾತ್ರ ಇರುವುದು ಸಾಕು. 7 ಸೀರೀಸ್ ಬೋರ್ಡ್ ಆದರೆ ಇವೇ ನಂಬರ್‌ಗಳು 1ಇ22, 1ಇ3ಎ. 8 ಸೀರೀಸ್ ಆದರೆ 8ಸಿ22, 8ಸಿ3ಎ. ಹೆಸರಿಲ್ಲದ ಬೋರ್ಡ್‌ಗಳ ಡಬ್ಬಿ ಮೇಲಿನ ಬರಹಕ್ಕಿಂತ ಈ ನಂಬರ್ ನಂಬಿ.

‘ಡ್ರೈವರ್ ಇಲ್ಲ, ಬಯಾಸ್ ಅಪ್‌ಡೇಟ್ ಮಾಡಿ’ ಎಂದು ಯಾರಾದರೂ ಹೇಳಬಹುದು. ಬಯಾಸ್ ಅಂದರೆ ಬೋರ್ಡಿನಲ್ಲೇ ಇರುವ, ಸಿಸ್ಟಮ್ ಶುರು ಮಾಡುವ ಸಾಫ್ಟ್‌ವೇರ್; ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಐಎನ್‌ಎಫ್ ಹಾಕುವಾಗ ಕರೆಂಟ್ ಹೋದರೆ ಮತ್ತೆ ಹಾಕಿದರಾಯಿತು. ಬಯಾಸ್ ಬರೆಯುವಾಗ ಹೋದರೆ ಬೋರ್ಡೇ ಹೋಗಬಹುದು. ಯುಪಿಎಸ್ ಇಲ್ಲದೆ ಅದರ ತಂಟೆಗೆ ಹೋಗಬೇಡಿ.

ಎಡದಂಡೆ_ಟೆಕ್

ಮೇಲಿನದ್ದೆಲ್ಲ ಇಂಟೆಲ್ ಮಾತು. ಎಎಂಡಿ ಕಂಪನಿಯ ರೈಜನ್ ಪ್ರೊಸೆಸರ್ ಇದ್ದವರು ಇದನ್ನೇ ಓದಿ ‘ಚಿಪ್‌ಸೆಟ್ ಅಂದ್ರೆ ಬರೀ ಹೆಸರು’ ಅಂತ ಬಿಟ್ಟುಬಿಡಬೇಡಿ. ಎಎಂಡಿ ಪ್ಯಾಕೇಜಿನಲ್ಲಿ ಜಿಪಿಐಓ, ಐ2ಸಿ, ಪಿಎಸ್‌ಪಿ (ಭದ್ರತೆಯ ಪ್ರೊಸೆಸರ್) ಇವಕ್ಕೆಲ್ಲ ನಿಜವಾದ ಡ್ರೈವರ್ ಇರುತ್ತವೆ, ಪ್ರೊಸೆಸರ್ ಪವರ್ ಸೆಟ್ಟಿಂಗ್ ಕೂಡ. ವೆಂಡರ್ ನಂಬರ್ 1022. ‘ಪಿಸಿಐ ಎನ್‌ಕ್ರಿಪ್ಷನ್/ಡಿಕ್ರಿಪ್ಷನ್ ಕಂಟ್ರೋಲರ್’ ಅಂತ ಹಳದಿ ಬಂದರೆ ಅದು ಪಿಎಸ್‌ಪಿ. ಎಎಂಡಿಐ0030 ಅಂತ ಇದ್ದರೆ ಜಿಪಿಐಓ. ಅದರ ಸೆಟಪ್ ಸೀದಾ ಓಡಿಸಿ ರೀಸ್ಟಾರ್ಟ್ ಮಾಡಿ.

11ನೇ ಜನರೇಷನ್ ಮತ್ತು ನಂತರದ ಇಂಟೆಲ್ ಲ್ಯಾಪ್‌ಟಾಪ್‌ಗೆ ವಿಂಡೋಸ್ ಹಾಕುವಾಗ ಡಿಸ್ಕೇ ಕಾಣದಿದ್ದರೆ ಅದೂ ಚಿಪ್‌ಸೆಟ್ ಫೈಲ್‌ನಿಂದ ಸರಿಯಾಗಲ್ಲ. ಹೆಚ್ಚಾಗಿ ಅದು ವಿಎಂಡಿ (ಡಿಸ್ಕ್ ನೋಡಿಕೊಳ್ಳುವ ಇಂಟೆಲ್ ಕಂಟ್ರೋಲರ್). ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಬಿಚ್ಚಿ ಪೆನ್‌ಡ್ರೈವ್‌ನಲ್ಲಿಟ್ಟು, ‘ಲೋಡ್ ಡ್ರೈವರ್’ನಲ್ಲಿ ತೋರಿಸಬೇಕು.

ಗಂಗಾವತಿ_ಆನ್‌ಲೈನ್

ಎಸ್‌ಎಂ ಬಸ್ ಫೋಲ್ಡರ್ ತೋರಿಸಿದ ಕೂಡಲೇ ಹೋತು, ಈಗ ಸಿಸ್ಟಮ್ ಡಿವೈಸಸ್ ಕೆಳಗ ಕೂತೈತಿ, ತಾರೀಖು ಅದೇ 1968. 1ಸಿ3ಎ ಆಪ್ಷನಲ್ ಅಪ್‌ಡೇಟ್‌ನಾಗ ಸಿಕ್ಕಿತು. ಉಳಿದದ್ದು ಅನ್‌ನೋನ್ ಡಿವೈಸ್ ಒಂದೇ. ಅದರ ಐಡಿಯಾಗ 8086 ಇಲ್ಲ, ಎಸಿಪಿಐ, ಐಎನ್‌ಟಿ33ಎ0 ಅಂತೈತಿ.

ರಾಯಚೂರು_ಬೆಂಚ್

ಅದು ಇಂಟೆಲ್ ಸ್ಮಾರ್ಟ್ ಕನೆಕ್ಟ್. ಸಿಸ್ಟಮ್ ನಿದ್ದಿ ಮಾಡುವಾಗ ನಡುನಡುವ ಎದ್ದು ಮೇಲ್ ತಗೊಳ್ಳೋ ವ್ಯವಸ್ಥೆ, ಇಂಟೆಲ್ ಅದನ್ನ ಯಾವಾಗೋ ಕೈಬಿಟ್ಟದ. ಡ್ರೈವರ್ ಹುಡುಕಬ್ಯಾಡ್ರಿ. ಬಯಾಸ್ ಸೆಟಪ್‌ನಾಗ ಸ್ಮಾರ್ಟ್ ಕನೆಕ್ಟ್ ಅಂತ ಇದ್ರ ಡಿಸೇಬಲ್ ಮಾಡ್ರಿ, ಗುರುತೇ ಮಾಯ ಆಗ್ತದ. ಇಲ್ಲಂದ್ರ ಡಿವೈಸ್ ಮ್ಯಾನೇಜರ್‌ನಾಗೇ ರೈಟ್ ಕ್ಲಿಕ್ ಮಾಡಿ ಡಿಸೇಬಲ್ ಕೊಡ್ರಿ. ಆಮ್ಯಾಲೆ ಎಲ್ಲಾ ಡ್ರೈವರ್ ಒಮ್ಮೆ ಡಿ ಡ್ರೈವ್‌ನ ಖಾಲಿ ಫೋಲ್ಡರ್‌ಗೆ ತೆಗೆದಿಡ್ರಿ: ಪಿಎನ್‌ಪಿಯುಟಿಲ್, ಸ್ಲ್ಯಾಶ್ ಎಕ್ಸ್‌ಪೋರ್ಟ್-ಡ್ರೈವರ್, ನಕ್ಷತ್ರ, ಫೋಲ್ಡರ್ ದಾರಿ. ಮುಂದಿನ ಸಲ ಫಾರ್ಮ್ಯಾಟ್ ಮಾಡಿದಾಗ ಅದೇ ಫೋಲ್ಡರ್ ತೋರಿಸಿದ್ರ ಆತು.