ಅಮ್ಮನ ಮಣಿಕಟ್ಟು ಮುರಿದಿದೆ: ಪಿಒಪಿ ಸಾಕಾ, ಪ್ಲೇಟ್ ಹಾಕಿಸಬೇಕಾ? ಅನುಭವ ಇದ್ದವರು ತಿಳಿಸಿ

ಪ್ರಶ್ನೆ:
ಅಮ್ಮನಿಗೆ 68 ವರ್ಷ. ಎಡವಿ ಕೈಯೂರಿ ಬಿದ್ದರು. ಬಲಗೈ ಮಣಿಕಟ್ಟಿನ ಹತ್ತಿರ ರೇಡಿಯಸ್, ಅಂದರೆ ಮುಂಗೈಯ ಹೆಬ್ಬೆರಳ ಕಡೆಯ ಮೂಳೆ, ಮುರಿದು ಹಿಂದಕ್ಕೆ ಬಾಗಿತ್ತು. ಎಳೆದು ಕೂರಿಸಿ ಸದ್ಯಕ್ಕೆ ಪಿಒಪಿ (ಪ್ಲಾಸ್ಟರ್) ಪಟ್ಟಿ ಕಟ್ಟಿದ್ದಾರೆ. ಒಬ್ಬ ಡಾಕ್ಟರು ಆಪರೇಷನ್ ಮಾಡಿಸಿ ಮೂಳೆಗೆ ಲೋಹದ ಪ್ಲೇಟ್ ಹಾಕಿಸಿಬಿಡಿ ಅಂದರು. ಇನ್ನೊಬ್ಬರು ಈ ವಯಸ್ಸಿಗೆ ಪಿಒಪಿಯೇ ಸಾಕು ಅಂದರು. ಅಮ್ಮನಿಗೆ ಆಪರೇಷನ್ ಅಂದರೆ ಭಯ. ನನಗೆ ಕೈ ಸೊಟ್ಟಗೇ ಉಳಿದುಬಿಟ್ಟರೆ ಅನ್ನುವ ಭಯ. ನಿಮ್ಮ ಮನೆಯಲ್ಲಿ ಹೀಗಾಗಿದ್ದರೆ ಏನು ಮಾಡಿದಿರಿ, ಈಗ ಕೈ ಹೇಗಿದೆ, ದಯವಿಟ್ಟು ಬರೆಯಿರಿ. ಬೇರೆ ಮೂಳೆ ಮುರಿದವರೂ ಹೇಳಿ.

ಉತ್ತರ:
ನಮ್ಮ ಅತ್ತೆಗೆ ಮುರಿದದ್ದೂ ಇದೇ ಮೂಳೆ, ವಯಸ್ಸೂ ಹೆಚ್ಚುಕಡಿಮೆ ಇದೇ. ಪಿಒಪಿಯಲ್ಲೇ ವಾಸಿಯಾಯಿತು. ಆದರೆ ಪಟ್ಟಿ ಕಟ್ಟಿಸಿಕೊಂಡು ಮನೆಯಲ್ಲಿ ಸುಮ್ನೆ ಕೂತರೆ ಆಯಿತು ಅಂದುಕೊಳ್ಳಬೇಡಿ. ಮೊದಲ ಎರಡು ವಾರ ತುಂಬಾ ಮುಖ್ಯ. ಊತ ಇಳಿದ ಹಾಗೆ ಪಟ್ಟಿ ಸಡಿಲವಾಗುತ್ತದೆ. ಕೂರಿಸಿದ ಮೂಳೆ ಒಳಗೇ ಮತ್ತೆ ಜಾರಬಹುದು, ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಅದಕ್ಕೇ ಮೊದಲ ವಾರ ಮುಗಿದಾಗ ಒಂದು, ಎರಡನೇ ವಾರಕ್ಕೆ ಇನ್ನೊಂದು ಎಕ್ಸ್‌ರೇ ತೆಗೆಸಲೇಬೇಕು. ಜಾರಿದೆ ಅಂತ ಕಂಡರೆ ಆಗಲೂ ಪ್ಲೇಟ್ ಹಾಕಬಹುದು. ತಿಂಗಳು ಕಳೆದ ಮೇಲೆ ನೋಡಿದರೆ ಮೂಳೆ ಸೊಟ್ಟಗೇ ಕೂಡಿಕೊಂಡಿರುತ್ತದೆ. ಅದನ್ನು ಬಿಡಿಸಿ ಜೋಡಿಸುವುದು ದೊಡ್ಡ ಕೆಲಸ.

ಸುಮಾರು ಆರು ವಾರಕ್ಕೆ ಬಿಚ್ಚಿದರು. ಮಣಿಕಟ್ಟಿನಲ್ಲಿ ಸಣ್ಣ ಉಬ್ಬು ಉಳಿದಿದೆ. ಆದರೆ ಬಟ್ಟೆ ಹಿಂಡುತ್ತಾರೆ, ಬಾಟಲಿ ಮುಚ್ಚಳ ತಿರುಗಿಸುತ್ತಾರೆ. ವಯಸ್ಸಾದವರಲ್ಲಿ ಎಕ್ಸ್‌ರೇಯಲ್ಲಿ ಮೂಳೆ ಸ್ವಲ್ಪ ಸೊಟ್ಟ ಕಂಡರೂ ಕೈ ಚೆನ್ನಾಗಿ ಕೆಲಸ ಮಾಡುವುದು ಸಾಮಾನ್ಯ. 65 ದಾಟಿದವರಲ್ಲಿ ಪ್ಲೇಟ್ ಮತ್ತು ಪಿಒಪಿ ಹೋಲಿಸಿ ನೋಡಿದ್ದಾರೆ. ಪ್ಲೇಟ್ ಹಾಕಿಸಿಕೊಂಡವರ ಎಕ್ಸ್‌ರೇ ಚೆನ್ನಾಗಿರುತ್ತದೆ, ಆದರೆ ಒಂದು ವರ್ಷದ ಹೊತ್ತಿಗೆ ಕೈ ಕೆಲಸದಲ್ಲಿ ಅಂಥ ವ್ಯತ್ಯಾಸ ಕಂಡಿಲ್ಲ. ಎರಡನೇ ಡಾಕ್ಟರು ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೇಳಿರಬೇಕು.

ಉತ್ತರ:
ನಾನು ಪ್ಲೇಟ್ ಹಾಕಿಸಿಕೊಂಡವಳು, ಆಗ ನಲವತ್ತರ ಆಸುಪಾಸು. ನನ್ನ ಬಿರುಕು ಕೀಲಿನೊಳಗೇ ಹೋಗಿತ್ತು. ಕೀಲಿನ ನುಣುಪು ಮೇಲ್ಮೈಯಲ್ಲಿ ಸುಮಾರು 2 ಮಿಲಿಮೀಟರ್ ಏರುತಗ್ಗು ಉಳಿದರೂ ಮುಂದೆ ಸವೆತ ಬರುವ ಸಾಧ್ಯತೆ ಜಾಸ್ತಿ ಅಂತ ತೋರಿಸಿ ಹೇಳಿದರು. ಹಾಗಾಗಿ ನಾನು ಯೋಚನೆಯನ್ನೇ ಮಾಡಲಿಲ್ಲ. ಅಂಗೈ ಕಡೆಯಿಂದ ಕೊಯ್ದು ಪ್ಲೇಟು, ಸ್ಕ್ರೂ ಹಾಕಿದರು. ಬೇಗ ಕೈ ಆಡಿಸಲು ಬಿಟ್ಟಿದ್ದು ದೊಡ್ಡ ಲಾಭ. ಅಪಾಯ ಇಲ್ಲವೇ ಇಲ್ಲ ಅಂತಲ್ಲ. ಸೋಂಕು ಆಗಬಹುದು, ಸ್ಕ್ರೂ ತುದಿಗೆ ಸ್ನಾಯುರಜ್ಜು ಉಜ್ಜಬಹುದು. ನನಗೆ ಹಾಗೇನೂ ಆಗಲಿಲ್ಲ, ಪ್ಲೇಟ್ ಇನ್ನೂ ಒಳಗೇ ಇದೆ. ತೊಂದರೆ ಕೊಡದಿದ್ದರೆ ಸಾಮಾನ್ಯವಾಗಿ ತೆಗೆಸಬೇಕಾಗಿಲ್ಲ.

ನಡುವೆ ಇನ್ನೊಂದು ದಾರಿಯೂ ಇದೆ. ಸಣ್ಣ ತಂತಿಗಳನ್ನು ಚರ್ಮದ ಮೇಲಿಂದಲೇ ತೂರಿಸಿ ಮೂಳೆ ಹಿಡಿಸಿ, ಮೇಲೆ ಪಿಒಪಿ ಹಾಕುತ್ತಾರೆ. ಕೆಲವು ವಾರ ಆದ ಮೇಲೆ ತಂತಿ ಎಳೆದು ತೆಗೆಯುತ್ತಾರೆ. ಅಮ್ಮನ ಮೂಳೆಗೆ ಅದು ಆಗುತ್ತದಾ ಅಂತ ಕೇಳಿ ನೋಡಿ. ಅದಕ್ಕೂ ಮೊದಲು ಕೇಳಬೇಕಾದದ್ದು, ಬಿರುಕು ಕೀಲಿನೊಳಗೆ ಹೋಗಿದೆಯಾ ಇಲ್ಲವಾ ಅಂತ.

ಉತ್ತರ:
ಕಾಲರ್ ಬೋನ್ ಮುರಿದಿತ್ತು. ಸ್ಲಿಂಗ್ ಅಷ್ಟೇ, ಆಪರೇಷನ್ ಇಲ್ಲ. ಸಣ್ಣ ಗಂಟು ಕೈಗೆ ಸಿಗುತ್ತದೆ, ಕೆಲಸಕ್ಕೆ ಏನೂ ಅಡ್ಡಿ ಇಲ್ಲ. ಮೂಳೆ ಚರ್ಮವನ್ನು ಒಳಗಿನಿಂದ ಚುಚ್ಚುವ ಹಾಗಿದ್ದರೆ, ಅಥವಾ ತುಂಡುಗಳು ಒಂದರ ಮೇಲೊಂದು ಏರಿ 2 ಸೆಂಟಿಮೀಟರ್‌ಗಿಂತ ಜಾಸ್ತಿ ಗಿಡ್ಡವಾಗಿದ್ದರೆ ಪ್ಲೇಟ್ ಯೋಚಿಸುತ್ತಿದ್ದೆವು ಅಂದಿದ್ದರು.

ಉತ್ತರ:
ಆಪರೇಷನ್ ಅಂದ ಕೂಡಲೇ ಹೆದರುವವರಿಗೆ ನಮ್ಮ ತಂದೆಯ ವಿಷಯ ಹೇಳಬೇಕು. ಅವರಿಗೆ ಮುರಿದದ್ದು ಸೊಂಟದ ಕೀಲಿನ ಹತ್ತಿರ, ತೊಡೆಮೂಳೆಯ ಮೇಲ್ಭಾಗ. ಅಲ್ಲಿ ಪಿಒಪಿ ಅನ್ನುವ ಆಯ್ಕೆಯೇ ಇಲ್ಲ ಅನ್ನಬಹುದು. ವಯಸ್ಸಾದವರು ವಾರಗಟ್ಟಲೆ ಮಲಗಿದರೆ ಕಫ ಕಟ್ಟಿ ನ್ಯುಮೋನಿಯಾ, ಬೆನ್ನಿಗೆ ಹುಣ್ಣು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು, ಒಂದರ ಹಿಂದೆ ಒಂದು ಬರುತ್ತವೆ. ಜೀವಕ್ಕೆ ಅಪಾಯ ಮುರಿದ ಮೂಳೆಗಿಂತ ಮಲಗಿರುವುದರಿಂದಲೇ ಜಾಸ್ತಿ. ಅದಕ್ಕೇ ಒಂದೆರಡು ದಿನದೊಳಗೆ ಆಪರೇಷನ್ ಮುಗಿಸಿ ಬೇಗ ಎಬ್ಬಿಸಿ ನಿಲ್ಲಿಸುತ್ತಾರೆ. ತಂದೆಯನ್ನೂ ಆಪರೇಷನ್ ಆದ ಮಾರನೇ ದಿನವೇ ವಾಕರ್ ಕೊಟ್ಟು ನಿಲ್ಲಿಸಿದರು. ಬೇಡ ಬೇಡ ಅಂತ ನಾವು ತಡೆಯಲು ಹೋಗಿದ್ದೆವು. ಅವರು ನಿಂತಿದ್ದನ್ನು ನೋಡಿದ ಮೇಲೆ ಧೈರ್ಯ ಬಂತು.

ಹಿಂದೆ ತೊಡೆಮೂಳೆ ಮುರಿದವರನ್ನು ಕಾಲಿಗೆ ತೂಕ ಕಟ್ಟಿ ತಿಂಗಳುಗಟ್ಟಲೆ ಮಲಗಿಸುತ್ತಿದ್ದರು. 1939-40ರಲ್ಲಿ ಜರ್ಮನಿಯ ಸರ್ಜನ್ ಗೆರ್ಹಾರ್ಡ್ ಕ್ಯುಂಟ್ಷರ್ ಮೂಳೆಯ ಒಳಗಿನ ಟೊಳ್ಳಿಗೇ ಉದ್ದದ ರಾಡ್ ತೂರಿಸುವ ವಿಧಾನ ತಂದರು. ಈಗ ದೊಡ್ಡವರ ತೊಡೆಗೆ, ಮೊಣಕಾಲಿನ ಕೆಳಗಿನ ಮೂಳೆಗೆ ಹೆಚ್ಚಾಗಿ ಅದನ್ನೇ ಹಾಕುವುದು. ಆದರೆ ಮಣಿಕಟ್ಟು ಮುರಿದವರು ಪಟ್ಟಿ ಕಟ್ಟಿಕೊಂಡೇ ಓಡಾಡಬಹುದು, ಅಲ್ವಾ? ಅದರಿಂದಲೇ ನಿಮಗೆ ಯೋಚಿಸಲು ಸಮಯ ಸಿಕ್ಕಿದೆ.

ಉತ್ತರ:
ನಾನು ಫಿಸಿಯೋಥೆರಪಿಸ್ಟ್. ಪಿಒಪಿ ಬಿಚ್ಚಿದವರು, ಪ್ಲೇಟ್ ಹಾಕಿಸಿಕೊಂಡವರು ಇಬ್ಬರೂ ನಮ್ಮ ಹತ್ತಿರ ಬರುತ್ತಾರೆ. ಜಾಸ್ತಿ ಕಷ್ಟಪಡುವವರು ಯಾರು ಅಂದರೆ, ಕೈಯನ್ನು ಎದೆಗೊತ್ತಿಕೊಂಡು ಬೆರಳೂ ಆಡಿಸದೆ ಇದ್ದವರು. ಮೂಳೆ ಕೂಡಿರುತ್ತದೆ, ಮುಷ್ಟಿ ಕಟ್ಟಲು ಆಗುವುದಿಲ್ಲ. ಭುಜವೂ ಹಿಡಿದುಕೊಂಡಿರುತ್ತದೆ. ಅಮ್ಮನಿಗೆ ಇವತ್ತಿನಿಂದಲೇ ಹೇಳಿ: ಎಚ್ಚರ ಇದ್ದಷ್ಟು ಹೊತ್ತು ಗಂಟೆಗೊಮ್ಮೆ ಬೆರಳುಗಳನ್ನು ಪೂರ್ತಿ ಮಡಚಿ ಪೂರ್ತಿ ಬಿಚ್ಚಬೇಕು. ಮೊಣಕೈ ಆಡಿಸಬೇಕು. ಕೈಯನ್ನು ತಲೆಯ ಮೇಲಕ್ಕೆ ಎತ್ತಬೇಕು. ಹೀಗೆ ಆಡಿಸಿದ್ದಕ್ಕೆ ಮೂಳೆ ಜಾರಿಬಿಡುವುದಿಲ್ಲ. ಮೊದಲ ಕೆಲವು ದಿನ ಕೂತಾಗ, ಮಲಗಿದಾಗ ಕೈ ದಿಂಬಿನ ಮೇಲೆ ಎದೆಗಿಂತ ಎತ್ತರದಲ್ಲಿರಲಿ. ಉಂಗುರ ಇದ್ದರೆ ತಕ್ಷಣ ತೆಗೆಸಿ. ಒಳಗೆ ತುರಿಕೆ ಬಂದರೆ ಕಡ್ಡಿ ಹಾಕಿ ಕೆರೆಯಬೇಡಿ. ಗಾಯವಾದರೆ ಕಾಣುವುದಿಲ್ಲ, ಕೀವಾಗುತ್ತದೆ.

ಇನ್ನೊಂದನ್ನು ಗಟ್ಟಿಯಾಗಿ ನೆನಪಿಡಿ. ಮಾತ್ರೆ ನುಂಗಿದರೂ ನೋವು ಏರುತ್ತಲೇ ಇದ್ದರೆ, ನೀವು ಮೆಲ್ಲಗೆ ಅವರ ಬೆರಳು ನೆಟ್ಟಗೆ ಮಾಡಿದರೂ ಚೀರುವಷ್ಟು ನೋವಾದರೆ, ಬೆರಳು ಜೋಮು ಹಿಡಿದರೆ, ಬಿಳಿಚಿಕೊಂಡರೆ ಅಥವಾ ನೀಲಿಯಾದರೆ ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ ಪಟ್ಟಿ ಸಡಿಲ ಮಾಡಿಸಿ, ಪರೀಕ್ಷೆ ಮಾಡಿಸಿ. ಒಳಗೆ ಒತ್ತಡ ಏರಿ ಸ್ನಾಯುಗಳಿಗೆ ರಕ್ತ ಹೋಗದಿದ್ದರೆ ಕೆಲವೇ ಗಂಟೆಗಳಲ್ಲಿ ಕೈಗೆ ಶಾಶ್ವತ ಹಾನಿಯಾಗಬಹುದು. ಪಟ್ಟಿ ಬಿಚ್ಚಿದರೆ ಮೂಳೆ ಜಾರೀತು ಅಂತ ಆಗ ಯೋಚಿಸಲೇಬಾರದು. ಮೂಳೆಯನ್ನು ಮತ್ತೆ ಕೂರಿಸಬಹುದು.

ಉತ್ತರ:
ಮಗನ ಮುಂಗೈ ಮುರಿದಾಗ ಪಿಒಪಿ ಮಾತ್ರ ಹಾಕಿದರು. ಎಕ್ಸ್‌ರೇಯಲ್ಲಿ ಬಾಗು ಉಳಿದಿತ್ತು, ನಮಗೆ ಗಾಬರಿ. ಬೆಳೆಯುವ ಮಕ್ಕಳ ಮೂಳೆ ತಾನೇ ನೆಟ್ಟಗಾಗುತ್ತದೆ ಅಂದರು, ಹಾಗೇ ಆಯಿತು. ಆದರೆ ಮಕ್ಕಳಲ್ಲಿ ಮೂಳೆಯ ತುದಿಯ ಹತ್ತಿರ ಇರುವ ಬೆಳವಣಿಗೆಯ ಪದರಕ್ಕೆ ಪೆಟ್ಟಾಗಿದ್ದರೆ ಕೆಲವು ತಿಂಗಳು ಬಿಟ್ಟು ಮತ್ತೆ ತೋರಿಸಬೇಕು.

ಕೇಳಿದವರು:
ಎಲ್ಲರಿಗೂ ತುಂಬಾ ಧನ್ಯವಾದ. ಇವತ್ತು ಡಾಕ್ಟರನ್ನು ಮತ್ತೆ ಕಂಡು ನೀವು ಹೇಳಿದ್ದನ್ನೇ ಕೇಳಿದೆ. ಬಿರುಕು ಕೀಲಿನೊಳಗೆ ಹೋಗಿಲ್ಲ, ಕೂರಿಸಿದ ಮೇಲೆ ಮೂಳೆ ಒಳ್ಳೆಯ ಜಾಗದಲ್ಲಿದೆ. ಮೊದಲ ವಾರದ ಎಕ್ಸ್‌ರೇಯಲ್ಲಿ ಅಲ್ಲೇ ಇದ್ದರೆ ಪಿಒಪಿ ಮುಂದುವರಿಸೋಣ, ಜಾರಿದ್ದರೆ ಪ್ಲೇಟ್ ಬಗ್ಗೆ ಕೂತು ಮಾತಾಡೋಣ ಅಂದಿದ್ದಾರೆ. ಅಮ್ಮ ಬೆರಳು ಆಡಿಸಲು ಶುರು ಮಾಡಿದ್ದಾರೆ.

ಉತ್ತರ:
ಒಳ್ಳೆಯದಾಯಿತು. ಒಂದು ವಿಷಯ ಯಾರೂ ಹೇಳಲಿಲ್ಲ. ನಿಂತ ಎತ್ತರದಿಂದ ಬಿದ್ದಿದ್ದಕ್ಕೇ ಮೂಳೆ ಮುರಿದಿದೆ ಅಂದರೆ ಮೂಳೆ ಟೊಳ್ಳಾಗಿರಬಹುದು, ಅಂದರೆ ಆಸ್ಟಿಯೋಪೊರೋಸಿಸ್. ಮೂಳೆ ಎಷ್ಟು ಗಟ್ಟಿ ಇದೆ ಅಂತ ನೋಡುವ ಡೆಕ್ಸಾ ಸ್ಕ್ಯಾನ್ ಮಾಡಿಸಿ, ವಿಟಮಿನ್ ಡಿ ಪರೀಕ್ಷೆಯ ಬಗ್ಗೆಯೂ ಕೇಳಿ. ಬೇಕಾದರೆ ಅದಕ್ಕೆ ಔಷಧಿ ಇದೆ. ಪಿಒಪಿ ಬಿಚ್ಚಿದ ಕೂಡಲೇ ಎಲ್ಲರೂ ಇದನ್ನು ಮರೆತುಬಿಡುತ್ತಾರೆ. ಮಣಿಕಟ್ಟು ಮುರಿದವರಿಗೆ ಮುಂದೆ ಸೊಂಟದ ಮೂಳೆ ಮುರಿಯುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. ಮುಂದಿನ ಸಲ ಎಕ್ಸ್‌ರೇಗೆ ಹೋದಾಗಲೇ ಕೇಳಿ ಬರೆಸಿಕೊಂಡು ಬನ್ನಿ.